ಅರ್ಧಕ್ಕೆ ನಿಂತ ಕಣದ ಪದ

ಪಕ್ಕದ ಮನೆಯ ಅತ್ತೆಯ ಹಿಮ್ಮಡಿಗಳು ಒಣಗಿದ ಕೆರೆಯಂಗಳದ ಹಾಗೆ ಬಿರಿದಿದ್ದವು. ಬಿರುಕಿನೊಳಗೆ ಸೇರಿದ ಮಣ್ಣು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳು ಚಪ್ಪಲಿ ಮೆಟ್ಟಿದ್ದನ್ನು ನಾನು ಕಂಡಿಲ್ಲ. ಸುಗ್ಗಿಗೆ ಕಣ ಮಾಡುವಾಗ ಸಗಣಿ ಸಾರಿಸಿದ ನೆಲದ ಮೇಲೆ ಕಣ್ಣು ಮುಚ್ಚಿ ನಡೆದು, "ಇಲ್ಲಿನ್ನೂ ಅಸಿ ಐತೆ, ಇಲ್ಲಿ ಉಬ್ಬೈತೆ" ಎಂದು ಪಾದದಿಂದಲೇ ತಿಳಿದು ಹೇಳುತ್ತಿದ್ದಳು.

ಸಂಬಂಧದಲ್ಲಿ ಅತ್ತೆಯಲ್ಲ, ಗೋಡೆಗೆ ಗೋಡೆ ಅಂಟಿದ ಮನೆ, ಅಷ್ಟೆ. ಅವ್ವ ಇಲ್ಲದ ನನಗೆ ತಲೆ ಬಾಚಿದವಳು, ಬೈದು ಬುದ್ಧಿ ಹೇಳಿದವಳು ಅವಳೇ.

ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ನಮ್ಮೂರಿನವರು ಕಣದಲ್ಲಿ ರಾಗಿ ರಾಶಿಯ ಮುಂದೆ ನಿಂತು ಪದ ಹೇಳುತ್ತಿದ್ದರು. ಅದರಲ್ಲಿ ಅತ್ತೆಯದು ಎತ್ತಿದ ಕೈ. ಆ ಪದವನ್ನು ಕಣ ಬಿಟ್ಟು ಬೇರೆಲ್ಲೂ ಹೇಳಬಾರದು. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಲೂಬಾರದು. ನಿಲ್ಲಿಸಿದರೆ ರಾಶಿ ತಾಯಿ ಮುನಿದು ಎದ್ದು ಹೋಗುತ್ತಾಳೆಂಬ ನಂಬಿಕೆ. ಒಂದು ಸಲ ಹಾಡುತ್ತಿದ್ದಾಗ ಕಾಲಿಗೆ ಚೇಳು ಕುಟುಕಿದರೂ ಅತ್ತೆ ಕೊನೆಯ ಸಾಲು ಮುಟ್ಟಿಸಿಯೇ ಕುಳಿತಿದ್ದಳು.

ಹೊಸೂರು ರಸ್ತೆಯ ಪಕ್ಕದ ಅವಳ ಹೊಲ, ಕಣ ಎರಡೂ ಎಲೆಕ್ಟ್ರಾನಿಕ್ ಸಿಟಿಗೆ ಹೋದವು. ಕಾಂಪೌಂಡ್ ಎದ್ದಿತು, ಪದ ನಿಂತಿತು. ಊರಿನವರು ಉಳಿದ ಚೂರುಪಾರು ರಾಗಿಯನ್ನು ಟಾರು ರಸ್ತೆಗೆ ಹರವಿ ಲಾರಿಗಳಿಂದ ತುಳಿಸತೊಡಗಿದರು. ಅಲ್ಲಿ ಹಾಡು ಎಂದವರಿಗೆ ಅತ್ತೆ, "ಟೈರಿಗೆ ಏನಂತ ಪದ ಏಳ್ಲಿ?" ಎಂದಳು.

ಅವಳ ಹೊಲದಲ್ಲೇ ಎದ್ದ ಕಾರ್ಖಾನೆ ಸರ್ಕ್ಯೂಟ್ ಬೋರ್ಡುಗಳ ಬೆಸುಗೆ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕರೆದಾಗ ಅಪ್ಪ ಸುತರಾಂ ಒಪ್ಪಲಿಲ್ಲ. ಅತ್ತೆಯೇ ಬಾಗಿಲಿಗೆ ಬಂದು ನಿಂತಳು. "ಒಲ ಓಯ್ತು. ಉಡುಗೀನಾರ ಒಳೀಕೋಗ್ಲಿ ಬುಡಣ್ಣ."

ನಾನು ಕೆಲಸಕ್ಕೆ ಸೇರಿದ ಮೇಲೆ ನನ್ನ ಬೆರಳು ಮೂಸಿ ರೇಗಿಸುತ್ತಿದ್ದಳು: "ಕೈ ಕೆಸರಾಗ್ದೇನೇ ಬಾಯಿಗೆ ಮೊಸರು ತಂದ್ಬುಟ್ಯಲ್ಲೇ."

ಎರಡನೆಯ ವರ್ಷವೂ ನನ್ನ ಕೆಲಸ ಕಾಯಂ ಆಗಿರಲಿಲ್ಲ. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಹಳ್ಳಿ ಹಾಡು ಹೇಳುವವರು ಬೇಕೆಂದು ಮ್ಯಾನೇಜರ್ ಕೇಳಿದಾಗ, ಅವರ ಕಣ್ಣಿಗೆ ಬೀಳುವ ಆಸೆಯಿಂದ ಅತ್ತೆಯ ಹೆಸರು ಹೇಳಿಬಿಟ್ಟೆ. ಅವಳು ಒಲ್ಲೆ ಎಂದಳು. ಆಗ ಸುಳ್ಳು ಹೇಳಿದೆ. "ನಿನ್ನ ಕಣದಲ್ಲೇ ಹಾಡಿಸ್ತಾರಂತೆ ಅತ್ತೆ." ವೇದಿಕೆ ಹಾಕಿದ್ದು ಕ್ಯಾಂಟೀನಿನಲ್ಲಿ. ಆ ಕಟ್ಟಡಗಳ ನಡುವೆ ಕಣ ಎಲ್ಲಿತ್ತೆಂದು ನನಗೂ ಗೊತ್ತಿರಲಿಲ್ಲ.

ಆ ದಿನ ಅತ್ತೆ ತಲೆಗೆ ನೀರು ಹಾಕಿಕೊಂಡು, ಸೆರಗಿನ ತುದಿಗೆ ಒಂದು ಹಿಡಿ ರಾಗಿ ಕಟ್ಟಿಕೊಂಡು ಬಂದಳು. ಗೇಟು ದಾಟಿದವಳು ಕ್ಯಾಂಟೀನಿನ ಕಡೆ ತಿರುಗಲೇ ಇಲ್ಲ. ಪಾದ ಎಳೆಯುತ್ತಾ ನೇರವಾಗಿ ಸೈಕಲ್ ಸ್ಟ್ಯಾಂಡಿಗೆ ಹೋದಳು. ಅಲ್ಲಿ ತಗಡಿನ ಕೆಳಗೆ ನೆಲ ಇನ್ನೂ ಮಣ್ಣಿನದೇ. ಹೆಬ್ಬೆರಳಿನಿಂದ ಒಂದು ಕಡೆ ಕೆದಕಿದಳು. ತುಳಿಯುವ ಎತ್ತುಗಳನ್ನು ಕಟ್ಟುತ್ತಿದ್ದ ಕಂಬದ ಗುಣಿ ಸಿಕ್ಕಿತು.

"ಇಲ್ಲೇ ಕಣವ್ವ. ನೀನು ಏಳಿದ್ದು ದಿಟ."

ಗಂಟು ಬಿಚ್ಚಿ ರಾಗಿ ಸುರಿದು, ಸೈಕಲ್ಲುಗಳ ನಡುವೆ ಕಣ್ಣು ಮುಚ್ಚಿ ಪದ ಎತ್ತಿದಳು. ನನಗೆ ಅಳು ಬಂತು.

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಮತ್ತೆ ಕೂಗಿದರು. ಸೂಪರ್‌ವೈಸರ್ ಓಡಿ ಬಂದು, "ಏನ್ರೀ ಇದು, ಸಾಹೇಬ್ರು ಕಾಯ್ತಾ ಕೂತಿದಾರೆ. ಕೆಲಸ ಬೇಕೋ ಬೇಡ್ವೋ?" ಎಂದರು. ನಾನು ಅತ್ತೆಯ ತೋಳು ಹಿಡಿದು ಎಳೆದೆ. "ಸಾಕು ಬಾ ಅತ್ತೆ." ಪದ ಅರ್ಧಕ್ಕೆ ನಿಂತಿತು. ಚೇಳಿನಿಂದಾಗದ್ದು ನನ್ನಿಂದಾಯಿತು.

ವೇದಿಕೆಗೆ ಹತ್ತಿಸಿದರೆ ಮೈಕಿನ ಮುಂದೆ ಸುಮ್ಮನೆ ನಿಂತಿದ್ದು ಇಳಿದು ಬಂದಳು. ಯಾರೋ ನಾಲ್ಕು ಜನ ನಕ್ಕರು. ನನ್ನ ಕೆಲಸ ಮುಂದೆ ಕಾಯಂ ಆಯಿತು. ಅತ್ತೆ ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ರೇಗಿಸುವುದನ್ನು ಮಾತ್ರ ಬಿಟ್ಟಳು.

ಮೂರು ವರ್ಷದ ಮೇಲೆ, ಅವರೆಕಾಯಿ ಕಾಲದಲ್ಲಿ, ಹಾಸಿಗೆ ಹಿಡಿದಳು. ಆ ಪಾದಗಳಿಗೆ ಹರಳೆಣ್ಣೆ ತಿಕ್ಕುತ್ತಾ, ತಪ್ಪಾಯಿತು ಎಂದೆ.

"ಒಟ್ಟೆಪಾಡು ಬುಡವ್ವ" ಎಂದಳು. "ಆದ್ರೆ ರಾಶಿ ಮುಂದೆ ಅರ್ಧಕ್ಕೆ ಬುಟ್ಟಿವ್ನಿ. ನಿಂಗೂ ಬರ್ತದಲ್ಲ, ಅಲ್ಲೇ ನಿಂತು ನೀನು ಮುಗಿಸ್ಬುಡು."

ಹೂಂ ಎಂದೆ. ಎರಡು ದಿನಕ್ಕೆ ಅತ್ತೆ ಹೋದಳು.

ಆಮೇಲೂ ಬಹಳ ವರ್ಷ ಅಲ್ಲೇ ದುಡಿದೆ. ದಿನಕ್ಕೆರಡು ಸಲ ಆ ಸ್ಟ್ಯಾಂಡ್ ದಾಟಿದೆ. ಉಳಿದ ಸಾಲುಗಳೆಲ್ಲ ನನಗೆ ಬಾಯಿಪಾಠ. ಪ್ರತಿ ಸಂಕ್ರಾಂತಿಗೂ ಸೆರಗಿಗೆ ರಾಗಿ ಕಟ್ಟಿಕೊಂಡು ಹೋಗಿದ್ದೇನೆ. ಯಾರಾದರೂ ನೋಡಿ ನಕ್ಕಾರೆಂದು, ಕಟ್ಟಿದ ಗಂಟನ್ನು ಕಟ್ಟಿದ ಹಾಗೇ ಮನೆಗೆ ತಂದಿದ್ದೇನೆ.