ಉಸಿರು ಬಿಟ್ಟ ಮೇಲಿನ ಅಳತೆ

ಚಿಕ್ಕಜಾಜೂರಿನ ಟೈಲರ್ ಬಾಷಾ ಸಾಬರು ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಅಳತೆ ಓದುತ್ತಿರಲಿಲ್ಲ. ಮಳೆ, ರೈಲು, ಯಾರದೋ ಮದುವೆ ಎಂದು ಮಾತು ತೆಗೆಯುತ್ತಿದ್ದರು. “ಟೇಪು ಕಂಡ್ರೆ ಎಲ್ರೂ ಹೊಟ್ಟೆ ಒಳಕ್ಕೆ ಎಳ್ಕಂತಾರೆ ಕಣಮ್ಮಾ. ಉಸಿರು ಬಿಡೋತಂಕ ಕಾಯ್ಬೇಕು” ಎಂದು ನನಗೆ ಹೇಳುತ್ತಿದ್ದರು.

ಕಾಯುವ ತಾಳ್ಮೆ ನನಗೆಲ್ಲಿತ್ತು? ಮನುಷ್ಯನಿಗೆ ತನ್ನ ಬಗ್ಗೆ ತನಗೆಷ್ಟು ಅರಿವಿದೆ ಎಂದು ಅಳೆಯುವುದು ನನ್ನ ಪಿಎಚ್.ಡಿ. ಹೊಳಲ್ಕೆರೆ ತಾಲ್ಲೂಕಿನ ಊರೂರು ಅಲೆದು ಫಾರಂ ತುಂಬಿಸಬೇಕು. ‘ನನಗೆ ಸಿಟ್ಟು ಬಂದರೆ ನನಗೆ ತಿಳಿಯುತ್ತದೆ’, ಒಪ್ಪುತ್ತೀರಾ? ಎಲ್ಲರೂ ಒಪ್ಪುತ್ತಿದ್ದರು. ಎಲ್ಲವನ್ನೂ ಒಪ್ಪುತ್ತಿದ್ದರು. ಬಸ್ಸಿನ ಧೂಳು ಕುಡಿದು ನನಗೆ ಸಾಕುಸಾಕಾಗಿತ್ತು.

ಸಾಬರು ಮಾತ್ರ ಒಪ್ಪಲಿಲ್ಲ. “ನನ್ನ ಬೆನ್ನಿಗೆ ನಾನೇ ಟೇಪು ಹಿಡಿಯಾಕಾಗ್ತೈತಾ?” ಎಂದವರೇ ಹೆಂಡತಿಯತ್ತ ತಿರುಗಿ, “ಜೈನಾಬಿ, ನನಗೆ ಸಿಟ್ಟು ಬರ್ತೈತಾ?” ಎಂದರು.

ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಆಕೆ ತಲೆ ಎತ್ತದೆ, “ಬೆಳಗ್ಗಿಂದ ಬಂದೈತೆ” ಎಂದರು.

“ಹೌದಾ!” ಸಾಬರಿಗೆ ನಿಜಕ್ಕೂ ಆಶ್ಚರ್ಯ. “ಇರ್ಲಿ ಬಿಡಮ್ಮಾ, ಇವಳನ್ನ ಕೇಳ್ಕಂಡು ತುಂಬ್ತೀನಿ” ಎಂದು ಫಾರಮ್ಮನ್ನು ಮಿಷಿನ್ನಿನ ಡ್ರಾಯರಿಗೆ ಹಾಕಿಕೊಂಡರು.

ಗೈಡ್‌ಗೆ ಒಪ್ಪಿಸುವ ಹಿಂದಿನ ದಿನ, ಕಡಿಮೆ ಬಿದ್ದ ಫಾರಂಗಳನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನಾನೇ ತುಂಬಿಬಿಟ್ಟೆ. ಆಮೇಲೆ ಸಾಬರ ಅಂಗಡಿಗೆ ಹೋಗಿ, ಫಾರಂಗಳ ಕಟ್ಟು ಕೆಳಗಿಟ್ಟು ನೀರು ಕುಡಿಯುವಷ್ಟರಲ್ಲಿ ಅವರು ಅದನ್ನು ತಿರುವಿ ನೋಡಿದ್ದರು.

“ಇವೆಲ್ಲ ಒಂದೇ ಕೈ ಹೊಲಿಗೆ” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ನನ್ನ ತಪ್ಪು ನನಗೆ ಕಾಣುತ್ತದೆ’ ಎಂಬುದಕ್ಕೆ ಪ್ರತಿಯೊಂದರಲ್ಲೂ ನಾನು ‘ಪೂರ್ತಿ ಒಪ್ಪುತ್ತೇನೆ’ ಎಂದು ಗುರುತು ಹಾಕಿದ್ದೆ! ನಾಚಿಕೆಯಿಂದ ಅವನ್ನು ಅಲ್ಲೇ ಹರಿದು ಹಾಕಿದೆ. ಪಿಎಚ್.ಡಿ. ಒಂದು ವರ್ಷ ಮುಂದೆ ಹೋಯಿತು, ಗೈಡ್ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟರು.

ಮತ್ತೆ ಫಾರಂ ಹೊತ್ತು ಹೋದಾಗ ಅಂಗಡಿಯಲ್ಲಿ ಜೈನಾಬಿ ಒಬ್ಬರೇ ಇದ್ದರು. ಊರವರ ರಂಜಾನ್ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಿ, ಹಬ್ಬಕ್ಕೆ ಮೊದಲೇ ಸಾಬರು ಎದೆನೋವಿನಿಂದ ತೀರಿಕೊಂಡಿದ್ದರು. ಆಕೆ ಡ್ರಾಯರಿನಿಂದ ಫಾರಂ ತೆಗೆದರು. ಅದು ಖಾಲಿಯಿತ್ತು.

“ದಿನಾ ನಾಳೆ ನಾಳೆ ಅಂದ್ರು. ನೀವು ಕೇಳ್ರಿ, ನಾನು ಹೇಳ್ತೀನಿ.”

ತೀರಿಹೋದವರ ಫಾರಂ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಪೆನ್ನು ತೆಗೆದೆ. ಮೊದಲನೆಯದು ಓದಿದೆ: ‘ನನಗೆ ಸಿಟ್ಟು ಬಂದರೆ ನನಗೆ ತಿಳಿಯುತ್ತದೆ.’

“ಇಲ್ಲ. ನಾನೇ ಹೇಳ್ಬೇಕಿತ್ತು.”

ಎರಡನೆಯದು: ‘ನನಗೆ ಆಯಾಸವಾದರೆ ನನಗೆ ತಿಳಿಯುತ್ತದೆ.’

ಜೈನಾಬಿ ಮಿಷಿನ್ನಿನ ಮೇಲಿದ್ದ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ನಾನು ಕಾದೆ.

“ಅದನ್ನೂ ನಾನೇ ಹೇಳ್ಬೇಕಿತ್ತು” ಎಂದರು ಕೊನೆಗೆ. “ಹಬ್ಬದ ಕೆಲಸ ಮೈಮೇಲಿತ್ತು ಕಣಮ್ಮಾ. ಕಾಜಾ ಹೊಲೀತಾ ಕುಂತಿದ್ದೆ. ತಲೆ ಎತ್ತಿ ನೋಡ್ಲೇ ಇಲ್ಲ.”