ಸೌಳು ಮಣ್ಣಿನ ಮಾಳಿಗೆ, ಅವ್ವನ ಸೀರೆ

ಅವ್ವ ಪಕ್ಕದ ಮನೆಯ ಸಿಹಿನೀರಿನ ಬಾವಿಗೆ ಹೋಗುವುದನ್ನು ಬಿಟ್ಟದ್ದು ತೊಂಬತ್ತರ ದಶಕದಲ್ಲಿ, ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ. ಇಸವಿ ಖಚಿತವಿಲ್ಲ. ಬಾವಿಯ ಯಜಮಾನಿ ಆಡಿದ ಮಾತು ಖಚಿತ, ಏಕೆಂದರೆ ಅವ್ವ ಅದನ್ನು ಆಮೇಲೆ ನೂರು ಸಲ ಹೇಳಿದ್ದಾಳೆ.

"ದಿನಾ ಎರಡು ಕೊಡ ಅಂದ್ರ ಹೆಂಗವ್ವ? ಇದೇನು ನಿಮ್ಮಪ್ಪ ತೋಡಿಸಿದ ಬಾವಿ ಏನು?"

ಅವ್ವ ಅರ್ಧ ತುಂಬಿದ ಕೊಡವನ್ನು ಅಲ್ಲೇ ಸುರಿದು ಬಂದಿದ್ದಳು.

ಕೊಟ್ಟೂರಿನ ನಮ್ಮ ಓಣಿಯ ಬೋರಿನ ಉಪ್ಪುನೀರಲ್ಲಿ ಎರಡು ತಾಸು ಕುದಿಸಿದರೂ ಬೇಳೆ ಬೇಯುತ್ತಿರಲಿಲ್ಲ. ರಜೆಗೆ ಬಂದ ನಾನು ಮಳೆನೀರು ಹಿಡಿಯೋಣ ಎಂದೆ. ಮಾಳಿಗೆಯ ಮಣ್ಣಿನ ಚಾವಣಿಯಿಂದ ನೀರು ಬೀಳುವಲ್ಲಿ ಡ್ರಮ್ಮಿಟ್ಟು, ಅದರೊಳಗೆ ಜಲ್ಲಿ, ಉಸುಕು, ಇದ್ದಿಲು ತುಂಬಿದೆ. ಮಳೆ ಬಂತು. ಕೆಳಗಿನ ನಲ್ಲಿಯಿಂದ ಕನ್ನಡಿಯಂಥ ನೀರು ಇಳಿಯಿತು. ಅವ್ವ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡು ಉಗುಳಿದಳು.

"ಮಾಳಿಗಿ ಮ್ಯಾಲ ಏನು ತುಳಿದಿ ಅಂತ ನೆನಪೈತೇನಲೇ?"

ಆಗ ನೆನಪಾಯಿತು. ಮಾಳಿಗೆ ಸೋರದಿರಲೆಂದು ಪ್ರತಿವರ್ಷದಂತೆ ಹಳ್ಳದ ದಂಡೆಯ ಉಪ್ಪುಪ್ಪಾದ ಸೌಳು ಮಣ್ಣು ತಂದು, ಹದಿನೈದು ದಿನದ ಹಿಂದೆ ನಾನೇ ಹರಡಿ ತುಳಿದಿದ್ದೆ. ಅದರ ಉಪ್ಪೆಲ್ಲ ನೀರಿಗಿಳಿದಿತ್ತು. ಉಸುಕು, ಇದ್ದಿಲು ಉಪ್ಪನ್ನು ತಡೆಯುವುದಿಲ್ಲವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು.

"ಯವ್ವಾ, ಸಿಟ್ಟು ಬಿಡು, ಬಾವಿಗಿ ಹೋಗು."

"ಉಪ್ಪುನೀರು ಕುಡದು ಸಾಯ್ತೀನಿ, ಆ ಕಟ್ಟಿ ಹತ್ತಂಗಿಲ್ಲ!"

ಡ್ರಮ್ಮಿನ ನೀರನ್ನು ಎಮ್ಮೆ ತೊಳೆಯಲು ಬಳಸಿದಳು. ಹಿತ್ತಿಲಲ್ಲಿ ನಾಲ್ಕು ಗಳ ನೆಟ್ಟು, ಹಳೆಯ ನೂಲಿನ ಸೀರೆಯನ್ನು ಮೂಲೆಗಳಿಗೆ ಕಟ್ಟಿ, ನಡುವೆ ಒಂದು ಗುಂಡುಕಲ್ಲು ಇಟ್ಟಳು. ಜೋಲಿಬಿದ್ದ ಆ ಜಾಗದ ಕೆಳಗೆ ಕೊಡ. ಗಳ ನೆಟ್ಟವನು ನಾನೆಂದು ನನ್ನ ನೆನಪು. "ನೀನು ಮಾರಿ ಊದಿಸ್ಕೊಂಡು ಒಳಗ ಕುಂತಿದ್ದಿ," ಎನ್ನುತ್ತಾಳೆ ತಂಗಿ. ಬಹುಶಃ ಅವಳೇ ಸರಿ.

ಮುಂದಿನ ಮಳೆಗೆ ಸೀರೆಯ ದೂಳು ತೊಳೆದಿಳಿದ ಮೊದಲ ಕೊಡ ಕರಿಬೇವಿನ ಗಿಡಕ್ಕೆ ಹೋಯಿತು, ಆಮೇಲಿನದು ಒಲೆಗೆ. ಬೇಳೆ ಬೆಣ್ಣೆಯಂತೆ ಕರಗಿತು. ಗೋಡೆಯಾಚೆಯಿಂದ ಯಜಮಾನಿ ಇಣುಕಿದಳು.

"ಎಷ್ಟು ದಿನ ಸಿಟ್ಟವ್ವ? ನೀರಿಗಿ ಬಾ."

"ನಮ್ಮಪ್ಪನ ಬಾವಿ ಮ್ಯಾಲೈತಿ," ಎಂದಳು ಅವ್ವ, ಸೌಟು ಆಡಿಸುತ್ತ. "ಹಗ್ಗಾನೂ ಬೇಕಿಲ್ಲ."

ಇದನ್ನು ನಾನೇ ಕೇಳಿಸಿಕೊಂಡೆನೋ ಅವ್ವ ಆಮೇಲೆ ಹೇಳಿದಳೋ ಗೊತ್ತಿಲ್ಲ. ಮಳೆಯಿಲ್ಲದ ತಿಂಗಳುಗಳಲ್ಲಿ ಬೇಯದ ಬೇಳೆಯ ಬದಲು ಕಡಲೆಹಿಟ್ಟಿನ ಜುಣಕ ತಿಂದದ್ದಂತೂ ನಿಜ. ಆ ಬಾವಿಕಟ್ಟೆಯನ್ನು ಅವಳು ಮತ್ತೆ ಹತ್ತಲಿಲ್ಲ.