ಆ ಸಿಡಿ ಓದುತ್ತಿತ್ತು

ಇದನ್ನು ಬರೆಯಲು ಕುಳಿತು ಎಷ್ಟು ಸಲ ಎದ್ದಿದ್ದೇನೋ ನನಗೇ ನೆನಪಿಲ್ಲ. ಮೊದಲು ನೌಕರಿಯಲ್ಲಿದ್ದೇನೆ ಎಂಬ ನೆವ, ಆಮೇಲೆ ನಿವೃತ್ತಿಯ ಓಡಾಟದ ನೆವ, ಆಮೇಲೆ ಕಣ್ಣಿನ ಆಪರೇಷನ್ನಿನ ನೆವ. ಈಗ ಕಣ್ಣು ಚೆನ್ನಾಗಿ ಕಾಣುತ್ತಿದೆ. ನೆವ ಉಳಿದಿಲ್ಲ.

ಕಂಪ್ಯೂಟರುಗಳಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ತೆಗೆದು ವಿಂಡೋಸ್ ಸೆವೆನ್ ಹಾಕಿಸಿಕೊಳ್ಳುತ್ತಿದ್ದ ವರ್ಷಗಳವು. ನಾನು ಆಂಧ್ರದ ಗಡಿಯ ಆದೋನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕಾಟಾ ಗುಮಾಸ್ತನಾಗಿದ್ದೆ. ಕಾಟಾ ಎಂದರೆ ಹತ್ತಿ ತುಂಬಿದ ಗಾಡಿಯನ್ನು ಗಾಡಿ ಸಮೇತ ತೂಗುವ ವೇಬ್ರಿಡ್ಜ್. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ, ಕನ್ನಡ ಮೀಡಿಯಂ. ಕಂಪ್ಯೂಟರನ್ನು ನೋಡಿ ನೋಡಿ ಕಲಿತವನು. ಮಿಲ್ಲಿನಲ್ಲಿ ನನಗಿಂತ ಹೆಚ್ಚು ಬಲ್ಲವರು ಇರಲಿಲ್ಲವಾದ್ದರಿಂದ ಆ ವಿಷಯದಲ್ಲಿ ನನ್ನದೇ ಕೊನೆಯ ಮಾತು. ಆ ಮರ್ಯಾದೆ ನನಗೆ ಸಂಬಳಕ್ಕಿಂತ ಹೆಚ್ಚು ರುಚಿಸುತ್ತಿತ್ತು.

ಮಿಲ್ಲಿಗೆ ಒಂದು ಜೀಪಿತ್ತು. ಅದನ್ನು ಓಡಿಸುತ್ತಿದ್ದವನು ಕೋಸಗಿ ಕಡೆಯವನು, ಮೂವತ್ತರ ಆಸುಪಾಸು. ಎಲ್ಲರೂ ಅವನನ್ನು ಡ್ರೈವರ್ ಎಂದೇ ಕರೆಯುತ್ತಿದ್ದರು, ನಾನೂ. ಅವನ ಊರಿನ ಎಷ್ಟೋ ಮನೆಯವರು ವರ್ಷದಲ್ಲಿ ಕೆಲವು ತಿಂಗಳು ಬೀಗ ಹಾಕಿಕೊಂಡು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಸುಗ್ಗಿಗೆ ಹೋಗೋದು ಎಂದು ಅದಕ್ಕೆ ಹೆಸರು. ಮಕ್ಕಳೂ ಶಾಲೆ ಬಿಟ್ಟು ಜೊತೆಗೆ ಹೋಗುತ್ತವೆ. ಜೀಪಿನ ಕೆಲಸ ಸಿಕ್ಕ ಮೇಲೆ ಇವನ ಮನೆಯವರು ಹೋಗುವುದು ನಿಂತಿತ್ತು.

"ಮಾಮಾ, ನನ್ನ ಮಗಳು ಈ ವರ್ಷ ಒಂದಿನಾನೂ ಸ್ಕೂಲ್ ತಪ್ಪಿಸಿಲ್ಲರಿ. ನಮ್ಮ ಮನ್ಯಾಗ ಆಕಿನಾ ಮೊದ್ಲು" ಎಂದು ಆಗಾಗ ಹೇಳಿಕೊಳ್ಳುತ್ತಿದ್ದ.

ಒಂದು ದಿನ ನನ್ನ ಟೇಬಲ್ಲಿನ ಡ್ರಾಯರಿನಲ್ಲಿದ್ದ ಸಿಡಿ ಅವನ ಕಣ್ಣಿಗೆ ಬಿತ್ತು.

"ಮಾಮಾ, ಇದು ಹಾಡಿನ ಸಿಡಿ ಏನ್ರಿ?"

"ಹಾಡಿಂದಲ್ಲಪ್ಪಾ. ಕಂಪ್ಯೂಟರಿನ ಡ್ರೈವರ್ ಇದರಾಗ ಐತಿ."

"ಅಯ್ಯಯ್ಯಾ! ಡ್ರೈವರ್ನ ಡ್ರಾಯರಿನ್ಯಾಗ ಮಲಗ್ಸೀರಿ? ಹಂಗಾರ ಅವನೂ ನಮ್ಮವನಾ ಆದ. ಕೊಡ್ರಿ ಇಲ್ಲಿ, ಜೀಪಿನ ಕನ್ನಡಿಗೆ ಕಟ್ಟಿಕೊಂತೀನಿ. ಜತಿಗಿರ್ತಾನ."

ನಕ್ಕು ನನ್ನ ಕೈಯಾರೆ ಕೊಟ್ಟೆ.

ಕಂಪ್ಯೂಟರಿನ ಡ್ರೈವರ್ ಎಂದರೆ, ಒಳಗಿನ ಒಂದು ಭಾಗವನ್ನು ಹೇಗೆ ನಡೆಸಬೇಕೆಂದು ವಿಂಡೋಸ್‌ಗೆ ತಿಳಿಸುವ ಸಣ್ಣ ಪ್ರೋಗ್ರಾಂ. ಕಾಟಾ ರೂಮಿನ ಕಂಪ್ಯೂಟರಿನಲ್ಲಿ ಹಳೆಯದೊಂದು ನೆಟ್‌ವರ್ಕ್ ಕಾರ್ಡ್ ಇತ್ತು. ಅದಕ್ಕೆ ಸಿಕ್ಕಿಸಿದ ಕೇಬಲ್ಲಿನ ಮೂಲಕ ಪ್ರತಿ ಗಾಡಿಯ ತೂಕ ಆಫೀಸಿನ ಕಂಪ್ಯೂಟರಿಗೆ ಹೋಗುತ್ತಿತ್ತು. ಆ ಸಿಡಿ ಈ ಕಾರ್ಡಿನದು.

ಹತ್ತಿ ಬರಲು ಶುರುವಾದ ಮೇಲೆ ಕಾಟಾದ ಕಂಪ್ಯೂಟರ್ ಬಹಳ ನಿಧಾನವಾಯಿತು. ಹೊಸ ವಿಂಡೋಸ್ ಹಾಕೋಣವೆಂದು ನಾನೇ ಹಟ ಹಿಡಿದೆ.

"ಸೀಜನ್ನಿನಾಗ ಯಾಕಪ್ಪಾ? ಆಮ್ಯಾಲ ನೋಡಿದ್ರಾತು" ಎಂದರು ಮ್ಯಾನೇಜರು.

"ಅರ್ಧ ದಿನದ ಕೆಲ್ಸರಿ" ಎಂದೆ.

ಹಳೆಯದನ್ನು ಅಳಿಸುವ ಮೊದಲು ಹೊಸದಕ್ಕೆ ಒಗ್ಗುವ ಡ್ರೈವರ್ ಸಿಗುತ್ತದೆಯೇ ಎಂದು ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ. ಹೊಸ ವಿಂಡೋಸ್ ಚೆನ್ನಾಗಿಯೇ ಕೂತಿತು, ಆದರೆ ನೆಟ್‌ವರ್ಕ್ ಕಾರ್ಡನ್ನು ಗುರುತಿಸಲಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಅದರ ಮುಂದೆ ಹಳದಿ ಗುರುತು ಬಿತ್ತು. ಮಿಲ್ಲಿಗೆ ಇಂಟರ್ನೆಟ್ ಆಗ ಬಂದಿರಲಿಲ್ಲ. ಆಸ್ಪರಿ, ಗೋನೆಗಂಡ್ಲ ಕಡೆಯ ಟ್ರಾಕ್ಟರುಗಳು ಗೇಟಿನಾಚೆಗೂ ಸಾಲುಗಟ್ಟಿದವು. ಪ್ರತಿ ತೂಕದ ಚೀಟಿಯನ್ನು ನಾನೇ ಆಫೀಸಿಗೆ ಒಯ್ದು ಕೊಟ್ಟು ಬರಬೇಕಾಯಿತು. ಎರಡನೆಯ ದಿನ ಮ್ಯಾನೇಜರು ಕಾಟಾ ರೂಮಿಗೇ ಬಂದರು.

"ಏಮಪ್ಪಾ, ಅರ್ಧ ದಿನ ಅಂದಿ. ಏನು ಬೇಕು ನಿನಗ?"

"ಡ್ರೈವರ್ ಬೇಕ್ರಿ."

"ಜೀಪ್ ತಗೊಂಡು ಎಲ್ಲಿಗೆ ಹೋಗ್ತಿ?"

ಕಿಟಕಿಯ ಹೊರಗಿದ್ದ ರೈತರು ನಕ್ಕರು. ನಾನು ಬಿಡಿಸಿ ಹೇಳಿದೆ. ಸಿಡಿ ಎಲ್ಲಿ ಎಂದು ಕೇಳಿದರು. "ಜೀಪಿನ್ಯಾಗ ಐತ್ರಿ" ಎಂದೆ. ನಾನೇ ಕೊಟ್ಟೆ ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಮ್ಯಾನೇಜರು ಕರೆಸಿದಾಗ ಡ್ರೈವರ್ ಬಂದ. ಕೆಂಪು ದಾರ ಪೋಣಿಸಿದ ಸಿಡಿ ಕೈಯಲ್ಲಿ ತೂಗಾಡುತ್ತಿತ್ತು.

"ಆಫೀಸಿನ ಸಾಮಾನು ನಿನ್ನ ಜೀಪಿಗೆ ಶೃಂಗಾರ ಏನಲೇ?"

"ಕೇಳೇ ತಗೊಂಡೀನಿ ಸಾರ್."

"ಯಾರ್ನ ಕೇಳಿದಿ?"

ಅವನು ನನ್ನ ಕಡೆ ನೋಡಿದ. ನಾನು ತಲೆ ಬಗ್ಗಿಸಿ ಅಂಗಿಯ ಅಂಚಿನಿಂದ ಸಿಡಿ ಒರೆಸುತ್ತಿದ್ದೆ. ದಾರ ಬಿಚ್ಚಿ ಒಳಗೆ ಹಾಕಿದೆ.

ಸಿಡಿ ಓದಿತು. ಒಂದೆರಡು ಸಣ್ಣ ಗೀರುಗಳಿದ್ದರೂ ತಡವರಿಸದೆ ಓದಿತು. ಪರದೆಯ ಮೇಲೆ ಮೂರು ಫೋಲ್ಡರುಗಳು ಬಂದವು: 98, 2000, ಎಕ್ಸ್‌ಪಿ, ಮೂರೂ ಹಳೆಯ ವಿಂಡೋಸಿನವು. ಹೊಸ ವಿಂಡೋಸಿಗೆ ಏನೂ ಇರಲಿಲ್ಲ. ಡ್ರಾಯರಿನಲ್ಲೇ ಭದ್ರವಾಗಿ ಇಟ್ಟಿದ್ದರೂ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ತಪ್ಪು ಪೂರ್ತಿ ನನ್ನದು.

"ಏನಾತು?" ಎಂದರು ಟೇಬಲ್ಲಿನ ಆಚೆ ನಿಂತಿದ್ದ ಮ್ಯಾನೇಜರು. ಅವರಿಗೆ ಪರದೆ ಕಾಣುತ್ತಿರಲಿಲ್ಲ.

"ಗೀರು ಬಿದ್ದಾವ್ರಿ. ಓದವಲ್ದು" ಎಂದೆ.

"ನಾಳಿಂದ ನೀ ಬರಬ್ಯಾಡ. ಚಾವಿ ಇಡು" ಎಂದು ಅವರು ಡ್ರೈವರಿಗೆ ಹೇಳಿದರು. ಅವನು ಜೀಪಿನ ಚಾವಿಯನ್ನು ಟೇಬಲ್ಲಿನ ಮೇಲಿಟ್ಟ. "ಬಿಸಿಲಿಗೆ ಹಾಳಾತೇನೋ ಮಾಮಾ" ಎಂದಷ್ಟೇ ಹೇಳಿ ಹೋದ.

ಮರುದಿನ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಪೆಟ್ಟಿಗೆಯ ಮೇಲೆ ಯಾವ ಹೆಸರೇ ಇರಲಿ, ಪ್ರತಿ ಕಾರ್ಡಿಗೂ ಎರಡು ಗುರುತಿನ ಸಂಖ್ಯೆಗಳಿರುತ್ತವೆ, ಒಂದು ತಯಾರಕರದು, ಇನ್ನೊಂದು ಆ ಕಾರ್ಡಿನದು. ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಐಡಿ ಎಂಬಲ್ಲಿ ಅವು ಸಿಗುತ್ತವೆ. ತೂಕದ ಚೀಟಿಯ ಹಿಂದೆ ಅವನ್ನು ಬರೆದುಕೊಂಡು ಬಜಾರಿನ ನೆಟ್ ಸೆಂಟರಿಗೆ ಹೋಗಿ ಹುಡುಕಿದೆ. ಮೊದಲು ತಂದದ್ದು 32 ಬಿಟ್ಟಿನದು, ನಮ್ಮ ವಿಂಡೋಸ್ 64 ಬಿಟ್ಟಿನ ಬೇರೆ ಬಗೆಯದು. ಒಗ್ಗಲಿಲ್ಲ. ಮತ್ತೆ ಹೋಗಿ ಸರಿಯಾದದ್ದನ್ನು ಪೆನ್‌ಡ್ರೈವಿನಲ್ಲಿ ತಂದೆ. ಹಳದಿ ಗುರುತು ಮಾಯವಾಯಿತು. ಕಾರ್ಡಿನ ಹಸಿರು ದೀಪ ಮಿಣುಕಿತು. ಮುಂದಿನ ಟ್ರಾಕ್ಟರಿನ ತೂಕ ಆಫೀಸಿಗೆ ಮುಟ್ಟಿತು.

ಅಂದೇ ಜೀಪಿಗೂ ಹೊಸಬ ಬಂದಿದ್ದ. "ಒಂದಾ ದಿನ ಎರಡೂ ಡ್ರೈವರ್ ಹೊಸಾವು ಬಂದಾವಲ್ಲಪ್ಪಾ!" ಎಂದು ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದೆರಡು ತಿಂಗಳ ಮೇಲೆ ಆದೋನಿ ಸ್ಟೇಷನ್ನಿನಲ್ಲಿ ಅವನನ್ನು ಕಂಡೆ. ಹೆಂಡತಿ, ಮಗಳು, ನಾಲ್ಕು ಗಂಟು. ಸುಗ್ಗಿಗೆ ಹೊರಟಿದ್ದರು. ಹುಡುಗಿ ಶಾಲೆಯ ಯೂನಿಫಾರ್ಮಿನ ಲಂಗವನ್ನೇ ಉಟ್ಟಿದ್ದಳು. ನಾನು ಕಂಬದ ಮರೆಗೆ ಸರಿದೆ. ಅವನೇ ಹತ್ತಿರ ಬಂದ.

"ಮಾಮಾ, ಕಾಟಾ ಚಾಲೂ ಆತೇನ್ರಿ?"

"ಆತಪ್ಪಾ."

"ಚಲೋ ಆತು ಬಿಡ್ರಿ. ನೀವು ನಂಬಿ ಕೊಟ್ರಿ, ನಾ ಜ್ವಾಕಿ ಮಾಡ್ಲಿಲ್ಲ. ನನ್ನಿಂದ ನೀವು ಮಾತು ಕೇಳಬೇಕಾತು. ಮನಸಿನ್ಯಾಗ ಇಟ್ಟುಕೋಬ್ಯಾಡ್ರಿ."

ಸಿಡಿ ಓದಿತ್ತು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. "ಇರ್ಲಿ ಬಿಡಪ್ಪಾ" ಎಂದೆ. ಅವನನ್ನು ಕ್ಷಮಿಸಿದೆ. ರೈಲು ಬಂತು.

ಹಳೆಯದನ್ನು ಅಳಿಸುವ ಮೊದಲು ಡ್ರೈವರ್ ನೋಡಿಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಅದು ಕೆಲಸ ಕಲಿಸಿದ ಪಾಠ. ತನಗೆ ತಿಳಿಯದ್ದರ ಮುಂದೆ ಯಂತ್ರವೂ ಒಂದು ಹಳದಿ ಗುರುತು ಹಾಕಿ ಒಪ್ಪಿಕೊಳ್ಳುತ್ತದೆ. ನನಗೆ ಅಷ್ಟೂ ಆಗಲಿಲ್ಲ. ನಿವೃತ್ತನಾದ ಮೇಲೆ ಅವನ ಊರಿಗೆ ಹೋಗಿ ವಿಚಾರಿಸಿದೆ. ಗುಂಟೂರು ಕಡೆಯೇ ಉಳಿದುಕೊಂಡಿದ್ದಾರಂತೆ, ಯಾವ ಊರೆಂದು ಯಾರಿಗೂ ಗೊತ್ತಿಲ್ಲ.

ಆ ಕಾರ್ಡಿನ ಗುರುತಿನ ಸಂಖ್ಯೆಗಳು ನನಗೆ ಇಂದಿಗೂ ಬಾಯಿಪಾಠ. ಅವನ ಹೆಸರನ್ನು ಮಾತ್ರ ನಿವೃತ್ತಿಯ ಹಿಂದಿನ ದಿನ ಹಳೆಯ ಹಾಜರಿ ಪುಸ್ತಕ ತೆಗೆದು ನೋಡಬೇಕಾಯಿತು. ಇಲ್ಲಿಯೂ ಡ್ರೈವರ್ ಎಂದೇ ಬರೆದು ಮುಗಿಸಿದರೆ ಇನ್ನೊಂದು ತಪ್ಪಾದೀತು. ಅವನ ಹೆಸರು ಉರುಕುಂದಪ್ಪ.